ದತ್ತಸಂಚಯದಲ್ಲಿ ಕನ್ನಡದ ಅಕ್ಷರ: ಯೂನಿಕೋಡ್ ಪದ್ಧತಿಯ ಗುಣದೋಷವಿಮರ್ಶೆ

೧. ವಿಷಯೋಪಕ್ರಮ

ಯಾವುದೊಂದು ಲಕ್ಷಣವನ್ನಾದರೂ ಲಕ್ಷ್ಯದಲ್ಲಿಟ್ಟು ಪರೀಕ್ಷಿಸತಕ್ಕದ್ದೆಂಬುದು ಪ್ರಾಚೀನರ ಸಂಪ್ರದಾಯವು. ಲಕ್ಷಣವು ತನ್ನ ಲಕ್ಷ್ಯಗಳಲ್ಲಿ ಕೆಲವನ್ನು ಮುಟ್ಟದೆ ಬಿಟ್ಟರೆ ಅವ್ಯಾಪ್ತಿ. ಲಕ್ಷ್ಯವಲ್ಲದ್ದನ್ನೂ ಒಳಕೊಂಡರೆ ಅತಿವ್ಯಾಪ್ತಿ. ಲಕ್ಷ್ಯಗಳಲ್ಲಿ ಒಂದನ್ನೂ ಮುಟ್ಟದಿದ್ದರೆ ಅಸಂಭವ. ತಾರ್ಕಿಕರು ಹೇಳಿದ ಈ ಮೂರು ದೋಷಗಳು ಶಾಸ್ತ್ರಗ್ರಂಥಗಳಿಗೆ ಮಾತ್ರ ಮೀಸಲಾದವುಗಳೆಂದು ಭಾವಿಸಬೇಕಾಗಿಲ್ಲ. ಇಂದು ಕನ್ನಡನಾಡಿನ ಹೊಲ, ಮನೆ, ಹೆಸರು, ಶಾಸನ ಎಲ್ಲವೂ ಗಣಕಯಂತ್ರದ ದತ್ತಸಂಚಯಗಳಲ್ಲಿ, ಎಂದರೆ ಲೋಕದಲ್ಲಿ ಡೇಟಾಬೇಸ್ ಎಂದು ಕರೆಯಲ್ಪಡುವ ಕೋಶಗಳಲ್ಲಿ, ನಿಕ್ಷೇಪಿಸಲ್ಪಡುತ್ತಿವೆ. ಆ ಕೋಶಗಳಲ್ಲಿ ಕನ್ನಡದ ಅಕ್ಷರಕ್ಕೆ ಲಕ್ಷಣವನ್ನು ಹೇಳಿರುವ ಗ್ರಂಥವು ಯೂನಿಕೋಡ್ ಎಂಬ ಸಂಕೇತಪದ್ಧತಿಯು. ಅದು ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಗೂ ಒಂದೊಂದು ಅಂಕವನ್ನು ಗೊತ್ತುಮಾಡಿದೆ. ಯಂತ್ರವು ಅಕ್ಷರವನ್ನರಿಯದು, ಅಂಕವನ್ನು ಮಾತ್ರ ಅರಿಯುವುದು. ಆದುದರಿಂದ ಈ ಪದ್ಧತಿಯನ್ನೂ ಒಂದು ಲಕ್ಷಣಗ್ರಂಥವೆಂದೇ ಎಣಿಸಿ, ಅದರ ಗುಣದೋಷಗಳನ್ನು ವಿಮರ್ಶಿಸುವುದು ಯುಕ್ತವು.

ಪರೀಕ್ಷೆಗೆ ಲಕ್ಷ್ಯಗಳನ್ನು ದೂರದಿಂದ ತರಬೇಕಾಗಿಲ್ಲ. ಗದಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಸೇರಿದ ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ಹೆಸರುಗಳೇ ಸಾಕು. ಮೊದಲನೆಯದರಲ್ಲಿ ಓಕಾರವಿದೆ, ಎರಡನೆಯದರಲ್ಲಿ ಅನುಸ್ವಾರವಿದೆ, ಮೂರನೆಯದರಲ್ಲಿ ಏಕಾರ, ಅನುಸ್ವಾರ, ಸಂಯುಕ್ತಾಕ್ಷರ ಮೂರೂ ಇವೆ. ಈ ಚಿಹ್ನೆಗಳೊಳಗೆ ವಿಚಾರ್ಯವಾದ ವಿಷಯವು ಬಹುಮಟ್ಟಿಗೆ ಅಡಗಿದೆ.

ಇದು ಕೇವಲ ಅಕ್ಷರಕುತೂಹಲದ ಮಾತೆಂದು ಉಪೇಕ್ಷಿಸಲಾಗದು. ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆಯು ಬೇರ್ಪಟ್ಟಿತು. ೨೦೧೮ರಲ್ಲಿ ರೋಣ ತಾಲ್ಲೂಕಿನಿಂದ ಗಜೇಂದ್ರಗಡವು ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಇಂತಹ ವಿಭಾಗವಾದಾಗಲೆಲ್ಲ ಗ್ರಾಮಗ್ರಾಮಗಳ ಲೆಕ್ಕಪತ್ರಗಳು ಒಂದು ಹೆಸರಿನ ಕೆಳಗಿನಿಂದ ಮತ್ತೊಂದು ಹೆಸರಿನ ಕೆಳಕ್ಕೆ ಸಾಗಬೇಕಾಗುವುದು. ರಾಜ್ಯದ ಭೂಮಿ ಯೋಜನೆಯು ಈ ಶತಮಾನದ ಆದಿಯಲ್ಲಿಯೇ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳನ್ನು ಯಂತ್ರಾರೂಢಮಾಡಿತು. ಕೈಬರಹದ ಪಹಣಿಯ ಕಾಲವು ಅಲ್ಲಿಗೆ ಮುಗಿಯಿತು. ಭೂಮಿಯ ಮೇಲಿನ ಕರದ ವಿಷಯದಲ್ಲಿ ೧೯೮೦ರ ಜುಲೈ ತಿಂಗಳಿನಲ್ಲಿ ಪ್ರಾಣವನ್ನೇ ಒಪ್ಪಿಸಿದ ರೈತರ ನಾಡಾದ ನರಗುಂದದಲ್ಲಿ, ಪಹಣಿಯ ಹೆಸರು ಲಘುವಾದ ವಸ್ತುವೆಂದು ಯಾರೂ ಹೇಳರು. ಕೋಶದಲ್ಲಿ ಹೆಸರಿದ್ದೂ ಹುಡುಕಿದಾಗ ಸಿಕ್ಕದಿದ್ದರೆ, ಆ ಹೆಸರಿನವನು ವ್ಯವಹಾರದಲ್ಲಿ ಇಲ್ಲದವನಂತೆಯೇ ಆಗುವನು.

೨. ಪೂರ್ವಪದ್ಧತಿಗಳು

ಯೂನಿಕೋಡಿನ ಗುಣವನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿದ್ದ ಸ್ಥಿತಿಯನ್ನು ಸಂಕ್ಷೇಪವಾಗಿ ಸ್ಮರಿಸಬೇಕು. ಗಣಕಯಂತ್ರದಲ್ಲಿ ಕನ್ನಡವು ಮೊದಲು ಕಾಣಿಸಿಕೊಂಡುದು ಬಹುತರವಾಗಿ ಫಾಂಟುಗಳ ಮೂಲಕ. ಅಲ್ಲಿ ರೋಮನ್ ಅಕ್ಷರಗಳಿಗೆ ಗೊತ್ತಾಗಿದ್ದ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಖಂಡಗಳನ್ನು, ಎಂದರೆ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಮೊದಲಾದ ತುಣುಕುಗಳನ್ನು, ಕೂರಿಸಲಾಗಿತ್ತು. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ ತಂತ್ರಾಂಶವೂ, ಅನಂತರ ಕನ್ನಡ ಗಣಕ ಪರಿಷತ್ತಿನಿಂದ ಬಂದ ನುಡಿ ತಂತ್ರಾಂಶವೂ ಕನ್ನಡಿಗರಿಗೆ ಮಾಡಿದ ಉಪಕಾರವು ಅಷ್ಟಿಷ್ಟಲ್ಲ. ಅವುಗಳಿಂದಲೇ ಕನ್ನಡವು ಕಚೇರಿಗೂ ಮುದ್ರಣಾಲಯಕ್ಕೂ ಸುಲಭವಾಯಿತು. ಆದರೆ ತುಣುಕುಗಳ ಆ ಪದ್ಧತಿಯು ಚಿತ್ರಕ್ಕೆ ಸಮರ್ಥವಾಗಿತ್ತೇ ಹೊರತು ಕೋಶಕ್ಕಲ್ಲ. ಕಣ್ಣಿಗೆ ಕನ್ನಡವಾಗಿ ತೋರುವುದು ಯಂತ್ರದ ಪಾಲಿಗೆ ರೋಮನ್ ಅಕ್ಷರಗಳ ಅರ್ಥರಹಿತ ಸಾಲೇ ಆಗಿತ್ತು. ಫಾಂಟು ಬದಲಾದರೆ ಅಕ್ಷರವೂ ಬದಲಾಗುತ್ತಿತ್ತು. ಅಕಾರಾದಿಯಾಗಿ ಜೋಡಿಸುವುದಂತೂ ದೂರವೇ ಉಳಿಯಿತು.

ಇದಕ್ಕೆ ಭಿನ್ನವಾದ ಮತ್ತೊಂದು ಮಾರ್ಗವು ಭಾರತೀಯ ಮಾನಕ ಸಂಸ್ಥೆಯು ೧೯೯೧ರಲ್ಲಿ ಅಂಗೀಕರಿಸಿದ ಇಸ್ಕಿ ಎಂಬ ಸಂಕೇತಪದ್ಧತಿ. ಬ್ರಾಹ್ಮೀಮೂಲದ ಭಾರತೀಯ ಲಿಪಿಗಳಿಗೆಲ್ಲ ವರ್ಣಮಾಲೆಯು ಸಮಾನವೆಂಬ ತತ್ತ್ವದ ಮೇಲೆ ಅದು ರಚಿತವಾಯಿತು. ನಾಗರಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಅಲ್ಲಿ ಒಂದೇ ಅಂಕ. ಇದರ ೧೯೮೮ರ ಪಾಠವನ್ನು ಅನುಸರಿಸಿಯೇ ೧೯೯೧ರ ಅಕ್ಟೋಬರಿನಲ್ಲಿ ಪ್ರಕಟವಾದ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿ ಭಾರತೀಯ ಲಿಪಿಗಳು ಸೇರಿದವು. ಭೇದವೇನೆಂದರೆ, ಯೂನಿಕೋಡು ಪ್ರತಿಯೊಂದು ಲಿಪಿಗೂ ಪ್ರತ್ಯೇಕವಾಗಿ ೧೨೮ ಮನೆಗಳ ಕೇರಿಯನ್ನು ಕೊಟ್ಟಿತು. ಕನ್ನಡದ ಕೇರಿಯು ೩೨೦೦ರಿಂದ ೩೩೨೭ರ ವರೆಗೆ ಇದೆ. ನಾಗರಿಯ ಕಕಾರವು ೨೩೨೫, ಕನ್ನಡದ ಕಕಾರವು ೩೨೨೧, ಅಂತರವು ೮೯೬. ಎರಡು ಲಿಪಿಗಳಲ್ಲಿಯೂ ಇರುವ ಬಹುತೇಕ ವರ್ಣಗಳಿಗೆ ಇದೇ ಅಂತರವು ಹೊಂದುವುದು. ಒಂದೇ ತಾಯಿಯ ಮಕ್ಕಳ ಮನೆಗಳು ಒಂದೇ ಕ್ರಮದಲ್ಲಿ ಎದುರುಬದುರಾಗಿ ನಿಂತಂತೆ ಈ ರಚನೆಯಿದೆ.

೩. ಗುಣನಿರೂಪಣೆ

ಈ ಪದ್ಧತಿಯ ಪ್ರಧಾನಗುಣವು, ಅದು ಆಕಾರಕ್ರಮವನ್ನು ಬಿಟ್ಟು ಉಚ್ಚಾರಣಕ್ರಮವನ್ನು ಹಿಡಿದುದು. ಗಜೇಂದ್ರಗಡ ಎಂಬಲ್ಲಿ ದಕಾರದ ಕೆಳಗೆ ಬರೆಯಲ್ಪಡುವ ರೇಫದ ಒತ್ತಿಗೆ ಬೇರೆ ಅಂಕವಿಲ್ಲ. ದಕಾರ, ಹಲಂತಚಿಹ್ನೆ, ರೇಫ ಎಂಬ ಮೂರು ಅಂಕಗಳು ಕ್ರಮವಾಗಿ ನಿಲ್ಲುವುವು. ಒತ್ತಿನ ಆಕಾರವನ್ನು ತೋರಿಸುವುದು ಫಾಂಟಿನ ಕೆಲಸ. ಧರ್ಮ ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಮಕಾರದ ಬಲಕ್ಕೆ ಕಾಣುವುದು. ಕಿವಿಗೆ ಮಾತ್ರ ರೇಫವೇ ಮೊದಲು. ಹಳೆಯ ಫಾಂಟುಪದ್ಧತಿಯು ಕಣ್ಣನ್ನು ನಂಬಿ ಅರ್ಕಾವೊತ್ತನ್ನು ಕೊನೆಗಿಟ್ಟಿತು. ಯೂನಿಕೋಡು ಕಿವಿಯನ್ನು ನಂಬಿ ರೇಫವನ್ನು ಮೊದಲಿಗಿಟ್ಟಿದೆ. ಹಳೆಯ ಕಡತಗಳನ್ನು ಹೊಸ ಪದ್ಧತಿಗೆ ಪರಿವರ್ತಿಸುವಾಗ ಅರ್ಕಾವೊತ್ತುಳ್ಳ ಪದಗಳು ವಿಶೇಷವಾಗಿ ಕೆಡುವುದಕ್ಕೆ ಈ ಕ್ರಮಭೇದವೇ ಕಾರಣವು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ವ್ಯಂಜನವು ಸ್ವರೂಪತಃ ಅಕಾರರಹಿತವಾದುದು. ವರ್ಣಸಮಾಮ್ನಾಯದಲ್ಲಿ ವ್ಯಂಜನಗಳೊಡನೆ ಬರುವ ಅಕಾರವು ಉಚ್ಚಾರಣಾರ್ಥವೇ ಹೊರತು ವಾಸ್ತವವಲ್ಲವೆಂದು ವೈಯಾಕರಣರು ಒಪ್ಪಿದ್ದಾರೆ. ಹೀಗಿರಲಾಗಿ ಅಕಾರಸಹಿತವಾದ ಕಕಾರಕ್ಕೆ ಅಂಕವನ್ನು ಕೊಟ್ಟು, ಶುದ್ಧವ್ಯಂಜನಕ್ಕೆ ಹಲಂತಚಿಹ್ನೆಯೆಂಬ ಮತ್ತೊಂದು ಅಂಕವನ್ನು ಕೂಡಿಸುವುದು ವಿಪರೀತವಲ್ಲವೇ ಎಂದು. ಇದಕ್ಕೆ ಸಮಾಧಾನವು ಇಂತು: ಯೂನಿಕೋಡು ಶಿಕ್ಷಾಗ್ರಂಥವಲ್ಲ, ಲಿಪಿಗ್ರಂಥ. ಲಿಪಿಯಲ್ಲಿ ತಲೆಕಟ್ಟಿನೊಡನೆ ಬರೆದ ಅಕ್ಷರವೇ ಸಿದ್ಧವಾದುದು. ಅದರ ಅಕಾರವನ್ನು ಕಳೆಯಲು ಬರೆಯುವವನೂ ಒಂದು ಚಿಹ್ನೆಯನ್ನು ಹಾಕುವನು. ಬರೆಯುವವನ ವ್ಯವಹಾರವನ್ನು ಅನುಸರಿಸಿದ ಪದ್ಧತಿಯನ್ನು ಉಚ್ಚಾರಣಶಾಸ್ತ್ರದ ದೃಷ್ಟಿಯಿಂದ ದೂಷಿಸುವುದು ಸರಿಯಲ್ಲ. ಆದುದರಿಂದ ಈ ಆಕ್ಷೇಪವು ನಿಲ್ಲದು.

ಗ್ರಂಥವು ಕಾಲಕಾಲಕ್ಕೆ ಪುಷ್ಟವಾಗುತ್ತ ಬಂದಿರುವುದೂ ಗುಣವೇ. ಅವಗ್ರಹವು ೨೦೦೩ರ ಆವೃತ್ತಿಯಲ್ಲಿಯೂ, ಜಿಹ್ವಾಮೂಲೀಯ ಉಪಧ್ಮಾನೀಯಗಳು ೨೦೦೬ರಲ್ಲಿಯೂ, ಹಳೆಯ ಬರಹದ ನಕಾರಪೊಲ್ಲು ೨೦೨೧ರಲ್ಲಿಯೂ ಸೇರಿದವು. ಪ್ರಾಚೀನಪಾಠಗಳನ್ನು ಸಂಪಾದಿಸುವವರಿಗೆ ಇವುಗಳ ಅವಶ್ಯಕತೆಯು ಎಷ್ಟೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ.

೪. ಅವ್ಯಾಪ್ತಿ: ಒಂದು ಹೆಸರು, ಹಲವು ರೂಪಗಳು

ಇನ್ನು ದೋಷವಿಚಾರವು. ರೋಣ ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಓಕಾರದ ಚಿಹ್ನೆಗೆ ಯೂನಿಕೋಡಿನಲ್ಲಿ ೩೨೭೫ ಎಂಬ ಅಂಕವಿದೆ. ಆಗ ಈ ಹೆಸರು ರೇಫ, ಓತ್ವ, ಣಕಾರ ಎಂಬ ಮೂರು ಅಂಕಗಳಾಗುವುದು. ಆದರೆ ಒತ್ವಕ್ಕೆ ೩೨೭೪ ಎಂಬ ಅಂಕವೂ, ದೀರ್ಘದ ಗೀಟಿಗೆ ೩೨೮೫ ಎಂಬ ಅಂಕವೂ ಪ್ರತ್ಯೇಕವಾಗಿವೆ. ಇವೆರಡನ್ನು ಕೂಡಿಸಿದರೂ ಓತ್ವವೇ ಸಿದ್ಧಿಸುವುದು. ಅಷ್ಟೇ ಅಲ್ಲ, ಒತ್ವವನ್ನು ಮತ್ತೆ ಒಡೆದು ಎತ್ವವೆಂದೂ ಕೊಂಬಿನ ದೀರ್ಘವೆಂದೂ ಬರೆಯಬಹುದು, ಅವುಗಳ ಅಂಕಗಳು ೩೨೭೦ ಮತ್ತು ೩೨೬೬. ಹೀಗೆ ರೋಣವು ಮೂರು ಅಂಕಗಳಿಂದಲೂ, ನಾಲ್ಕು ಅಂಕಗಳಿಂದಲೂ, ಐದು ಅಂಕಗಳಿಂದಲೂ ಬರೆಯಲ್ಪಡಬಹುದಾಗಿದೆ. ಮೂರರಲ್ಲಿಯೂ ಕಣ್ಣಿಗೆ ಕಾಣುವುದು ಒಂದೇ ರೋಣ. ಗಜೇಂದ್ರಗಡದ ಏಕಾರಕ್ಕೂ ಇದೇ ಗತಿಯು: ಅದು ಒಂಬತ್ತು ಅಂಕಗಳಾಗಿಯೂ, ಏತ್ವವನ್ನು ಎತ್ವ ಮತ್ತು ದೀರ್ಘವಾಗಿ ಒಡೆದರೆ ಹತ್ತು ಅಂಕಗಳಾಗಿಯೂ ಇರಬಹುದು.

ಇಲ್ಲಿ ಪೂರ್ವಪಕ್ಷಿಯು ಹೇಳುವುದೇನೆಂದರೆ: ಈ ರೂಪಗಳು ಪರಸ್ಪರ ಸಮಾನವೆಂದು ಯೂನಿಕೋಡ್ ಗ್ರಂಥವೇ ಸ್ಪಷ್ಟವಾಗಿ ವಿಧಿಸಿದೆ, ಸಮಾನವಾದವುಗಳನ್ನು ಒಂದೇ ರೂಪಕ್ಕೆ ತರುವ ಏಕರೂಪೀಕರಣವಿಧಿಯನ್ನೂ ಹೇಳಿದೆ, ಆದುದರಿಂದ ದೋಷವಿಲ್ಲ ಎಂದು. ಶಾಸ್ತ್ರದಲ್ಲಿ ದೋಷವಿಲ್ಲದಿರುವುದು ನಿಜವೇ. ಆದರೆ ವಿಧಿಯಿರುವುದು ಬೇರೆ, ಅನುಷ್ಠಾನವು ಬೇರೆ. ದತ್ತಸಂಚಯವು ಎರಡು ಹೆಸರುಗಳನ್ನು ಹೋಲಿಸುವಾಗ, ಬೇರೆ ಆಜ್ಞೆಯಿಲ್ಲದ ಪಕ್ಷದಲ್ಲಿ, ಅನೇಕ ವ್ಯವಸ್ಥೆಗಳಲ್ಲಿ ಬೈಟುಗಳನ್ನೇ ಒಂದೊಂದಾಗಿ ಹೋಲಿಸುವುದು; ಮೂರು ಅಂಕಗಳ ರೋಣವನ್ನು ಹುಡುಕಿದವನಿಗೆ ಐದು ಅಂಕಗಳ ರೋಣವು ಸಿಕ್ಕದು. ಒಡೆದ ರೂಪಗಳು ಎಲ್ಲಿಂದ ಬರುವುವೆಂದರೆ, ಹಳೆಯ ಫಾಂಟುಗಳಿಂದ ಪರಿವರ್ತಿಸುವ ಸಾಧನಗಳು ತುಣುಕುಗಳನ್ನು ತುಣುಕುಗಳಾಗಿಯೇ ಉಳಿಸಬಹುದು. ಆಪಲ್ ಸಂಸ್ಥೆಯು ೧೯೯೮ರಲ್ಲಿ ತಂದ ಕಡತವ್ಯವಸ್ಥೆಯು ಕಡತಗಳ ಹೆಸರುಗಳನ್ನು ಒಡೆದ ರೂಪದಲ್ಲಿಯೇ ಇಡುತ್ತಿತ್ತು. ಗ್ರಾಮದ ಹೆಸರನ್ನು ಕಡತದ ಹೆಸರಿನಿಂದ ಎತ್ತಿಕೊಂಡು ಕೋಶಕ್ಕೆ ತುಂಬಿದರೆ ಭೇದವು ತಾನಾಗಿಯೇ ಒಳಹೊಗುವುದು.

ವರ್ಣವು ಒಂದೇ, ಅದನ್ನು ವ್ಯಕ್ತಗೊಳಿಸುವ ಧ್ವನಿಗಳು ಮಾತ್ರ ಭಿನ್ನವೆಂಬ ಭರ್ತೃಹರಿಯ ಸಿದ್ಧಾಂತವನ್ನು ಬಲ್ಲವರಿಗೆ ಇಲ್ಲಿಯ ಸ್ಥಿತಿಯು ಅಪರಿಚಿತವಲ್ಲ. ಕೇಳುವ ಮನುಷ್ಯನು ಧ್ವನಿಭೇದವನ್ನು ದಾಟಿ ವರ್ಣವನ್ನು ಹಿಡಿಯುವನು. ಯಂತ್ರಕ್ಕೆ ಆ ಶಕ್ತಿಯಿಲ್ಲ. ವ್ಯಂಜಕವೇ ಅದಕ್ಕೆ ಸರ್ವಸ್ವವು.

ಅಂಕಗಳ ಭೇದವು ಅಕಾರಾದಿಕ್ರಮವನ್ನೂ ಕೆಡಿಸುವುದು. ಅಂಕದ ಕ್ರಮದಿಂದಲೇ ಜೋಡಿಸಿದರೆ, ಐದು ಅಂಕಗಳ ರೋಣವು ಎತ್ವದಿಂದ ಮೊದಲಾಗುವುದರಿಂದ ರೇಕಾರದ ಹೆಸರುಗಳಿಗಿಂತಲೂ ಮೊದಲೇ ಬಂದು ಕೂರುವುದು. ಇದಲ್ಲದೆ ಳಕಾರಕ್ಕೆ ೩೨೫೧ ಎಂಬ ಅಂಕವಿರುವುದರಿಂದ, ವರ್ಣಮಾಲೆಯಲ್ಲಿ ಹಕಾರದ ತರುವಾಯ ಬರಬೇಕಾದ ಆ ಅಕ್ಷರವು ಲಕಾರವಕಾರಗಳ ನಡುವೆ ನುಸುಳುವುದು. ಇದು ಎಲ್ಲ ಲಿಪಿಗಳ ಮನೆಗಳನ್ನು ಎದುರುಬದುರು ಇಟ್ಟುದರ ಫಲ. ಜೋಡಣೆಯ ವಿಧಿಯನ್ನು ಯೂನಿಕೋಡು ಪ್ರತ್ಯೇಕವಾಗಿಯೇ ಹೇಳಿರುವುದರಿಂದ ಇದಕ್ಕೆ ಪರಿಹಾರವುಂಟು. ಆದರೆ ಅಂಕಕ್ರಮವೇ ಅಕಾರಾದಿಯೆಂದು ನಂಬಿದವನಿಗೆ ಪರಿಹಾರವು ದೊರೆಯದು.

೫. ಅವ್ಯಾಪ್ತಿಯ ಎರಡನೆಯ ಬಗೆ: ತೋರಿಕೆಯ ಸಾಮ್ಯ

ನರಗುಂದ ಎಂಬ ಹೆಸರಿನ ಅನುಸ್ವಾರಕ್ಕೆ ೩೨೦೨ ಎಂಬ ಅಂಕವು. ಕನ್ನಡದ ಸೊನ್ನೆಯೆಂಬ ಅಂಕಿಗೆ ೩೩೦೨. ಆಕಾರದಲ್ಲಿ ಎರಡೂ ಒಂದೇ ಬಿಂದುವೃತ್ತ. ಹೆಸರಿನಲ್ಲಿಯೂ ವ್ಯವಹಾರದಲ್ಲಿ ಎರಡೂ ಸೊನ್ನೆಯೇ. ಬೆರಳಚ್ಚಿನವನು ಅನುಸ್ವಾರದ ಕೀಲಿಯನ್ನರಿಯದೆ ಅಂಕಿಯನ್ನೊತ್ತಿದರೆ ನರಗು೦ದ ಎಂದಾಗುವುದು, ಓದುಗನು ಶಂಕಿಸುವುದಿಲ್ಲ, ಕೋಶವು ಮಾತ್ರ ಇದನ್ನು ನಡುವೆ ಅಂಕಿಯುಳ್ಳ ಬೇರೊಂದು ಪದವೆಂದೇ ಎಣಿಸುವುದು. ಗಜೇಂದ್ರಗಡಕ್ಕೂ ಇದು ಸಮಾನವು. ಈ ಭೇದವನ್ನು ಏಕರೂಪೀಕರಣವಿಧಿಯು ಸರಿಪಡಿಸಲಾರದು. ಏಕೆಂದರೆ ಯೂನಿಕೋಡಿನ ಮತದಲ್ಲಿ ಇವೆರಡೂ ವಾಸ್ತವವಾಗಿಯೇ ಭಿನ್ನವಾದವು. ಆ ಮತವು ಸರಿಯಾದುದೇ. ಅನುಸ್ವಾರವು ಅಯೋಗವಾಹ, ಸೊನ್ನೆಯು ಸಂಖ್ಯೆ. ಆಕಾರಸಾಮ್ಯದಿಂದ ತತ್ತ್ವವು ಒಂದಾಗದು. ಆದುದರಿಂದ ದೋಷವು ಗ್ರಂಥದ್ದಲ್ಲ, ಲೇಖಕನದು.

ಇದೇ ಪ್ರಸಂಗದಲ್ಲಿ ಕಾಣದ ಅಕ್ಷರಗಳ ಮಾತು ಬರುವುದು. ರಾಜ್‌ಕುಮಾರ ಎಂದು ಬರೆಯುವಾಗ ಜಕಾರದ ಹಲಂತವು ಮುಂದಿನ ಕಕಾರದೊಡನೆ ಕೂಡಿ ಒತ್ತಾಗದಂತೆ, ನಡುವೆ ಅಗಲವಿಲ್ಲದ ಒಂದು ವಿಯೋಜಕಚಿಹ್ನೆಯನ್ನು ಇಡುವರು. ರ‍್ಯಾಂಕು ಎಂಬಲ್ಲಿ ಅರ್ಕಾವೊತ್ತು ಬಾರದಂತೆ, ರೇಫದ ತರುವಾಯ ಅಗಲವಿಲ್ಲದ ಸಂಯೋಜಕಚಿಹ್ನೆಯನ್ನು ಇಡುವರು. ಇವು ಆಕಾರವನ್ನು ನಿಯಮಿಸುವುವೇ ಹೊರತು ಉಚ್ಚಾರವನ್ನಲ್ಲ. ಆದರೆ ಕೋಶದಲ್ಲಿ ಇವೂ ಅಂಕಗಳೇ. ಒಬ್ಬನ ಹೆಸರಿನ ಕೊನೆಯಲ್ಲಿ ಇಂತಹ ಚಿಹ್ನೆಯೊಂದು ಅಕಸ್ಮಾತ್ತಾಗಿ ಉಳಿದರೆ, ಕಣ್ಣಿಗೆ ಒಂದಾದ ಎರಡು ಹೆಸರುಗಳು ಕೋಶದಲ್ಲಿ ಇಬ್ಬರಾಗುವುವು. ಹಾಗೆಂದು ಇವುಗಳನ್ನೆಲ್ಲ ಕಿತ್ತೊಗೆದರೆ ರಾಜ್‌ಕುಮಾರನು ರಾಜ್ಕುಮಾರನಾಗುವನು.

ಮತ್ತೊಂದು ಭೇದವನ್ನು ಇವುಗಳೊಡನೆ ಬೆರೆಸಬಾರದು. ನರಗುಂದವನ್ನು ಪರಸವರ್ಣಮಾಡಿ ನರಗುನ್ದ ಎಂದೂ ಬರೆಯಬಹುದು. ಗಜೇಂದ್ರಗಡವನ್ನು ಕೆಲವರು ಮಹಾಪ್ರಾಣದಿಂದ ಗಜೇಂದ್ರಗಢ ಎಂದೂ ಬರೆಯುವರು. ಇವು ಸಂಕೇತಭೇದಗಳಲ್ಲ, ವರ್ಣವಿನ್ಯಾಸಭೇದಗಳು. ಬರೆದವನ ವಿವಕ್ಷೆಗೆ ಸೇರಿದವು. ಸಂಕೇತಭೇದವನ್ನು ಅಳಿಸುವುದು ಶೋಧನೆ. ವರ್ಣವಿನ್ಯಾಸಭೇದವನ್ನು ಅಳಿಸುವುದು ಪಾಠವನ್ನು ತಿದ್ದುವುದು. ಗ್ರಂಥಸಂಪಾದಕನು ಲೇಖಕಪ್ರಮಾದವನ್ನೂ ಪಾಠಾಂತರವನ್ನೂ ಹೇಗೆ ಬೇರೆಬೇರೆಯಾಗಿ ನೋಡುವನೋ, ಕೋಶಪಾಲನೂ ಹಾಗೆಯೇ ನೋಡತಕ್ಕದ್ದು.

೬. ಅತಿವ್ಯಾಪ್ತಿ ಮತ್ತು ಅಸಂಭವ

ಈ ವರೆಗೆ ಹೇಳಿದ ದೋಷಗಳಲ್ಲಿ ಅಕ್ಷರವು ಉಳಿಯುವುದು, ಹುಡುಕಾಟವು ಮಾತ್ರ ತಪ್ಪುವುದು. ಅಕ್ಷರವೇ ನಾಶವಾಗುವ ಸಂದರ್ಭಗಳು ಬೇರೆ ಇವೆ. ಅವು ಸಂಭವಿಸುವುದು ನಿಕ್ಷೇಪದ ಕ್ಷಣದಲ್ಲಿ.

ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ ಎಂಬ ದತ್ತಸಂಚಯದಲ್ಲಿ, ಆಜ್ಞೆಯೊಳಗೆ ಬರೆದ ಪದದ ಹಿಂದೆ ರೋಮನ್ ಲಿಪಿಯ ಎನ್ ಎಂಬ ಅಕ್ಷರವಿಲ್ಲದಿದ್ದರೆ, ಆ ಪದವು ಕೋಶಕ್ಕೆ ಗೊತ್ತಾಗಿರುವ ಹಳೆಯ ಅಕ್ಷರಪಟ್ಟಿಗೆ ಇಳಿಸಲ್ಪಡುವುದು. ಆ ಪಟ್ಟಿಗಳಲ್ಲಿ ಕನ್ನಡಕ್ಕೆ ಸ್ಥಾನವಿಲ್ಲ. ೨೦೧೯ರ ಆವೃತ್ತಿಯಲ್ಲಿ ಯುಟಿಎಫ್-೮ ಸೇರಿದ ಮೇಲೆಯೇ, ಅದನ್ನು ಆರಿಸಿಕೊಂಡ ಕೋಶಗಳಿಗೆ ಈ ನಿಯಮವು ಸಡಿಲವಾಯಿತು. ಪಟ್ಟಿಯಲ್ಲಿ ಇಲ್ಲದ ಪ್ರತಿಯೊಂದು ಅಂಕದ ಸ್ಥಾನದಲ್ಲಿಯೂ ಒಂದು ಪ್ರಶ್ನಚಿಹ್ನೆ ನಿಲ್ಲುವುದು. ರೋಣವು ಮೂರು ಪ್ರಶ್ನಚಿಹ್ನೆಗಳಾಗುವುದು. ಜಿಲ್ಲೆಯ ಹೆಸರಾದ ಗದಗವೂ ಮೂರೇ ಅಂಕಗಳುಳ್ಳದ್ದಾದುದರಿಂದ ಅದೂ ಮೂರು ಪ್ರಶ್ನಚಿಹ್ನೆಗಳಾಗುವುದು. ತಾಲ್ಲೂಕು ಯಾವುದು, ಜಿಲ್ಲೆ ಯಾವುದು ಎಂಬ ವಿವೇಕವೇ ಉಳಿಯದು. ಇದಕ್ಕಿಂತ ಸ್ಪಷ್ಟವಾದ ಅತಿವ್ಯಾಪ್ತಿಯು ತರ್ಕಗ್ರಂಥಗಳಲ್ಲಿಯೂ ಅಪೂರ್ವವು. ಈ ನಾಶಕ್ಕೆ ಪ್ರತೀಕಾರವೂ ಇಲ್ಲ. ಮೂಲಪತ್ರವು ಕೈಯಲ್ಲಿಲ್ಲದಿದ್ದರೆ ಪ್ರಶ್ನಚಿಹ್ನೆಯಿಂದ ಹೆಸರನ್ನು ಯಾರೂ ಪುನಃ ಸೃಷ್ಟಿಸಲಾರರು.

ಎರಡನೆಯ ನಾಶವು ತೋರಿಕೆಯಲ್ಲಿ ಭಯಂಕರ, ವಾಸ್ತವದಲ್ಲಿ ಸಾಧ್ಯವಾದುದು. ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ರಚಿಸಿದ ಯುಟಿಎಫ್-೮ ಎಂಬ ಲೇಖನಕ್ರಮದಲ್ಲಿ ಕನ್ನಡದ ಒಂದೊಂದು ಅಂಕವೂ ಮೂರು ಮೂರು ಬೈಟುಗಳಾಗಿ ನಿಲ್ಲುವುದು. ರೇಫಕ್ಕೆ ೨೨೪, ೧೭೮, ೧೭೬ ಎಂಬ ಬೈಟುಗಳು. ಓತ್ವಕ್ಕೆ ೨೨೪, ೧೭೯, ೧೩೯. ಣಕಾರಕ್ಕೆ ೨೨೪, ೧೭೮, ೧೬೩. ಕಳುಹಿಸುವ ಪಕ್ಷವು ಇದನ್ನು ಯುಟಿಎಫ್-೮ ಎಂದು ಬಗೆದಿದ್ದು, ಪಡೆಯುವ ಪಕ್ಷವು ಪಶ್ಚಿಮ ಯೂರೋಪಿನ ಹಳೆಯ ಪಟ್ಟಿಯೆಂದು ಬಗೆದರೆ, ಒಂದೊಂದು ಬೈಟೂ ಒಂದೊಂದು ಅಕ್ಷರವಾಗಿ ಓದಲ್ಪಡುವುದು. ಆಗ ಪ್ರತಿಯೊಂದು ಕನ್ನಡದ ಚಿಹ್ನೆಯೂ, ತಲೆಯ ಮೇಲೆ ಓರೆಗೀಟುಳ್ಳ ರೋಮನ್ ಎ ಅಕ್ಷರ, ಅದರ ಹಿಂದೆ ವರ್ಗದ ಎರಡು ಅಥವಾ ಘನದ ಮೂರು ಎಂಬ ಮೇಲಂಕಿ, ಮತ್ತೊಂದು ಚಿಹ್ನೆ, ಹೀಗೆ ಕಾಣುವುದು. ಕನ್ನಡದ ಕಡತವು ಕೆಟ್ಟಿರುವುದನ್ನು ಈ ಓರೆಗೀಟಿನ ಸಾಲಿನಿಂದಲೇ ಗುರುತಿಸಬಹುದು. ಇದು ಅಸಂಭವದೋಷವು, ಯಾವ ಹೆಸರೂ ಹುಡುಕಿದರೆ ಸಿಕ್ಕದು. ಆದರೆ ಬೈಟುಗಳು ಕೆಡದೆ ಉಳಿದಿದ್ದರೆ ಓದುವ ಕ್ರಮವನ್ನು ತಿದ್ದಿದ ಮಾತ್ರಕ್ಕೆ ರೋಣವು ಮರಳಿ ಬರುವುದು. ಅವಸರದಿಂದ ಮತ್ತೊಮ್ಮೆ ಪರಿವರ್ತಿಸಿ ಉಳಿಸಿದರೆ ದೋಷದ ಮೇಲೆ ದೋಷವು ಕೂಡಿ ಶೋಧನವು ಕಷ್ಟವಾಗುವುದು.

ಮೂರನೆಯದು ಛೇದದೋಷ. ಛಂದಸ್ಸಿನಲ್ಲಿ ಒಂದೇ ಪದಕ್ಕೆ ಅಕ್ಷರಗಣನೆಯೂ ಮಾತ್ರಾಗಣನೆಯೂ ಬೇರೆಬೇರೆ. ಗಜೇಂದ್ರಗಡವು ಐದು ಅಕ್ಷರ, ಆರು ಮಾತ್ರೆ. ಯಂತ್ರವು ಇದಕ್ಕೆ ಇನ್ನೆರಡು ಗಣನೆಗಳನ್ನು ಕೂಡಿಸಿದೆ: ಅಂಕಗಳು ಒಂಬತ್ತು, ಯುಟಿಎಫ್-೮ರ ಬೈಟುಗಳು ಇಪ್ಪತ್ತೇಳು. ನರಗುಂದವು ನಾಲ್ಕು ಅಕ್ಷರ, ಆರು ಅಂಕ, ಹದಿನೆಂಟು ಬೈಟು. ಹೆಸರಿನ ಅಂಕಣಕ್ಕೆ ಇಪ್ಪತ್ತು ಸ್ಥಾನಗಳು ಸಾಕೆಂದು ಗೊತ್ತುಮಾಡಿದವನು ಬೈಟುಗಳನ್ನು ಎಣಿಸುತ್ತಿದ್ದರೆ, ಗಜೇಂದ್ರಗಡವು ಗಜೇಂದ್ ಎಂಬಲ್ಲಿಗೆ ನಿಂತು, ರೇಫದ ಮೂರು ಬೈಟುಗಳಲ್ಲಿ ಎರಡು ಮಾತ್ರ ಉಳಿದು, ಪದವೂ ಅಕ್ಷರವೂ ಎರಡೂ ಮುರಿಯುವುವು. ಕೆಲವು ದತ್ತಸಂಚಯಗಳು ಅಂಕಗಳನ್ನೂ ಕೆಲವು ಬೈಟುಗಳನ್ನೂ ಎಣಿಸುವುದರಿಂದ, ಒಂದರಲ್ಲಿ ಹಿಡಿದುದು ಮತ್ತೊಂದರಲ್ಲಿ ಹಿಡಿಯದು.

೭. ಶಾಸನಗಳ ಲಕ್ಷ್ಯದಲ್ಲಿ

ರೋಣದ ಪರಿಸರವು ಪಹಣಿಗಳಿಗೆ ಮಾತ್ರವಲ್ಲದೆ ಶಾಸನಗಳಿಗೂ ನೆಲೆಯಾಗಿದೆ. ಕಲ್ಯಾಣಚಾಲುಕ್ಯರ ಕಾಲದ ಸೂಡಿಯ ಶಾಸನಗಳನ್ನು ಬಾರ್ನೆಟ್ಟರು ಎಪಿಗ್ರಾಫಿಯಾ ಇಂಡಿಕಾದ ೧೫ನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂತಹ ಹಳಗನ್ನಡದ ಪಾಠಗಳನ್ನು ಕೋಶಕ್ಕೆ ಸೇರಿಸುವಾಗ ಱ ಮತ್ತು ೞ ಎಂಬ ಅಕ್ಷರಗಳು ಮುಖ್ಯವಾಗುವುವು; ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಅಕ್ಷರಗಳುಳ್ಳ ಪದಗಳನ್ನು ಎಣಿಸಿಕೊಟ್ಟುದು ಇವುಗಳ ವಿವೇಕವು ಆಗಲೇ ಶಿಥಿಲವಾಗುತ್ತಿದ್ದುದರಿಂದಲೇ ಇರಬೇಕು.

ಱಕಾರವು ರೇಫದ ಪಕ್ಕದಲ್ಲಿ, ೩೨೪೯ರಲ್ಲಿ, ಯುಕ್ತವಾಗಿ ನಿಂತಿದೆ. ೞಕಾರಕ್ಕೆ ನ್ಯಾಯವಾಗಿ ಸಲ್ಲಬೇಕಾದುದು ಳಕಾರದ ಮುಂದಿನ ೩೨೫೨. ತಮಿಳು ಮಲೆಯಾಳಗಳಲ್ಲಿ ಇದೇ ವರ್ಣವು ಅದಕ್ಕೆ ಎದುರಾದ ಮನೆಯಲ್ಲಿಯೇ ಇದೆ. ಕನ್ನಡದಲ್ಲಿ ಆ ಮನೆಯು ಇಂದಿಗೂ ಬರಿದಾಗಿದೆ. ಅಕ್ಷರವು ೩೨೯೪ರಲ್ಲಿ ಕುಳಿತಿದೆ. ಅದು ನಾಗರಿಯಲ್ಲಿ ಫಕಾರದ ಕೆಳಗೆ ಚುಕ್ಕೆಯಿಟ್ಟು ಬರೆಯುವ ಪಾರಸೀ ಧ್ವನಿಯ ಅಕ್ಷರಕ್ಕೆ ಎದುರಾದ ಮನೆ. ಮನೆಯ ಮೇಲಿನ ಹೆಸರೂ ಹಾಗೆಯೇ ಬಿದ್ದಿತು: ಯೂನಿಕೋಡಿನ ಪಟ್ಟಿಯಲ್ಲಿ ಈ ದ್ರಾವಿಡಾಕ್ಷರದ ಅಧಿಕೃತನಾಮವು ಕನ್ನಡದ ಫ ಎಂದೇ ಇದೆ. ಇದು ಪ್ರಮಾದವೆಂದು ಗ್ರಂಥವೇ ಒಪ್ಪಿ, ಸರಿಯಾದ ಹೆಸರನ್ನು ಉಪನಾಮವಾಗಿ ಕೊಟ್ಟಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಲಾಗದೆಂಬ ನಿಯಮದಿಂದ ಮೂಲನಾಮವು ಹಾಗೆಯೇ ನಿಂತಿದೆ. ಈ ನಿಯಮವು ದೂಷ್ಯವಲ್ಲ; ಹೆಸರನ್ನೋ ಅಂಕವನ್ನೋ ಬದಲಿಸಿದರೆ ಹಿಂದೆ ಬರೆದುದೆಲ್ಲ ಕೆಡುವುದು. ದೂಷ್ಯವಾದುದು ಮೊದಲ ಪರೀಕ್ಷೆಯಲ್ಲಿ ಹಳಗನ್ನಡವನ್ನು ಬಲ್ಲವರ ಕಣ್ಣು ಬೀಳದೆ ಹೋದುದು. ವಿದ್ವಾಂಸರು ತಮ್ಮ ವಿಷಯವಲ್ಲವೆಂದು ದೂರ ನಿಂತರೆ, ಅಕ್ಷರದ ನಾಮಕರಣವನ್ನು ಅಪರಿಚಿತರು ಮಾಡುವರು; ಅನಂತರ ಅದನ್ನು ತಿದ್ದಲು ಬ್ರಹ್ಮನಿಗೂ ಸಾಧ್ಯವಿಲ್ಲ.

ಇನ್ನೊಂದು ಲಕ್ಷ್ಯವು ಮೋಡಿ. ನರಗುಂದದ ಭಾವೆ ಮನೆತನದವರೂ ಗಜೇಂದ್ರಗಡದ ಘೋರ್ಪಡೆಯವರೂ ಆಳಿದ ಈ ಸೀಮೆಯಲ್ಲಿ ಮರಾಠಿಯ ಮೋಡಿಲಿಪಿಯ ಕಾಗದಗಳು ಸಂಶೋಧಕನಿಗೆ ಎದುರಾಗುವುವು. ಮೋಡಿಯು ೨೦೧೪ರಲ್ಲಿ ಯೂನಿಕೋಡಿಗೆ ಸೇರಿತು. ಆದರೆ ಅದರ ಅಂಕಗಳು ದೊಡ್ಡವಾದುದರಿಂದ ಒಂದೊಂದಕ್ಕೂ ನಾಲ್ಕು ಬೈಟುಗಳು ಬೇಕು. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ ಬಹುಕಾಲ ಯುಟಿಎಫ್-೮ ಎಂಬ ಹೆಸರಿನಿಂದ ಇದ್ದುದು ಮೂರು ಬೈಟುಗಳಿಗೆ ಮಾತ್ರ ಸ್ಥಳವುಳ್ಳದ್ದು. ನಾಲ್ಕು ಬೈಟುಗಳ ಪೂರ್ಣಕ್ರಮವು ೨೦೧೦ರಲ್ಲಿ ಬೇರೊಂದು ಹೆಸರಿನಿಂದ ಸೇರಿ, ೨೦೧೮ರ ಎಂಟನೆಯ ಆವೃತ್ತಿಯಲ್ಲಿ ಸಹಜಕ್ರಮವಾಯಿತು. ಹಳೆಯ ಅಂಕಣದಲ್ಲಿ ಕನ್ನಡವು ಸುಖವಾಗಿರುವುದರಿಂದ ಕೊರತೆಯು ಗೋಚರಿಸದು. ಮೋಡಿಯ ಒಂದು ಅಕ್ಷರವು ಬಂದೊಡನೆ ನಿಕ್ಷೇಪವು ನಿರಾಕರಿಸಲ್ಪಡುವುದು, ಅಥವಾ ಕಟ್ಟುನಿಟ್ಟಿಲ್ಲದ ಕೋಶದಲ್ಲಿ ಅಲ್ಲಿಂದ ಮುಂದಿನ ಪಾಠವೆಲ್ಲವೂ ಕತ್ತರಿಸಲ್ಪಡುವುದು.

೮. ಸಿದ್ಧಾಂತ

ಮೇಲಿನ ವಿಮರ್ಶೆಯಿಂದ ಫಲಿಸುವುದು ಇಷ್ಟು. ಯೂನಿಕೋಡ್ ಪದ್ಧತಿಯು ಕನ್ನಡಕ್ಕೆ ಒಟ್ಟಿನಲ್ಲಿ ಹಿತವಾದುದು. ಅದರ ಸ್ವಂತ ದೋಷಗಳು ಸ್ವಲ್ಪ. ಆ ಸ್ವಲ್ಪದಲ್ಲಿ ಒಂದಾದ ರೂಪಬಾಹುಳ್ಯಕ್ಕೆ ಪರಿಹಾರವನ್ನು ಅದೇ ಹೇಳಿದೆ. ಹೆಚ್ಚಿನ ಅನರ್ಥಗಳು ನಿಕ್ಷೇಪಿಸುವವನ ಅನವಧಾನದಿಂದ ಹುಟ್ಟಿದವು. ಆದುದರಿಂದ ಚಿಕಿತ್ಸೆಯೂ ಕೋಶದ ದ್ವಾರದಲ್ಲಿಯೇ ನಡೆಯಬೇಕು. ಒಳಹೊಕ್ಕ ಮೇಲೆ ಮಾಡುವ ಚಿಕಿತ್ಸೆಯು ಬಹುಶ್ರಮಸಾಧ್ಯವು.

ದ್ವಾರದಲ್ಲಿ ಮಾಡತಕ್ಕುದೇನೆಂದರೆ: ಬೆರಳಚ್ಚಿನಿಂದ ಅಂಕಣದ ವರೆಗಿನ ದಾರಿಯುದ್ದಕ್ಕೂ, ನಡುವಣ ಸಂಪರ್ಕವನ್ನೂ ಸೇರಿಸಿ, ಒಂದೇ ಲೇಖನಕ್ರಮವನ್ನು ಘೋಷಿಸಬೇಕು, ಎರಡು ಕಡೆ ಸರಿಯಾಗಿದ್ದು ನಡುವೆ ಒಂದು ಕಡೆ ತಪ್ಪಿದರೂ ಓರೆಗೀಟುಗಳು ಏಳುವುವು. ಹೆಸರನ್ನು ಆಜ್ಞಾವಾಕ್ಯದೊಳಗೆ ಹೆಣೆಯದೆ ಪ್ರತ್ಯೇಕವಾದ ಮೌಲ್ಯವಾಗಿ ಒಪ್ಪಿಸಬೇಕು. ಒಪ್ಪಿಸುವ ಮುನ್ನ ಕೂಡಿಸಿದ ರೂಪಕ್ಕೆ ಏಕರೂಪೀಕರಿಸಬೇಕು. ಎನ್‌ಎಫ್‌ಸಿ ಎಂಬುದು ಆ ರೂಪದ ಹೆಸರು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ ಈ ಸಾಮರ್ಥ್ಯವು ೨೦೨೦ರ ಹದಿಮೂರನೆಯ ಆವೃತ್ತಿಯಿಂದ ಸ್ವತಃಸಿದ್ಧವಾಗಿದೆ. ಉಳಿದೆಡೆ ಹೊರಗಿನಿಂದ ಮಾಡಿಕೊಳ್ಳಬೇಕಾಗಬಹುದು. ಹುಡುಕುವ ಪದಕ್ಕೂ ಇದೇ ಸಂಸ್ಕಾರವಾಗಬೇಕು. ಇಲ್ಲವಾದರೆ ಸಂಸ್ಕೃತವಾದ ಕೋಶವನ್ನು ಅಸಂಸ್ಕೃತವಾದ ಪ್ರಶ್ನೆಯಿಂದ ಕೇಳಿದಂತಾಗುವುದು. ಅಕ್ಷರಗಳ ನಡುವೆ ಸಿಕ್ಕಿಕೊಂಡ ಅಂಕಿಯ ಸೊನ್ನೆಯನ್ನು ದ್ವಾರದಲ್ಲಿಯೇ ತಡೆದು ತಿದ್ದಿಸಬೇಕು. ಕಾಣದ ಚಿಹ್ನೆಗಳನ್ನು ಮೂಲದಲ್ಲಿ ಉಳಿಸಿ, ಹುಡುಕಾಟಕ್ಕಾಗಿ ಮಾಡಿದ ಪ್ರತಿಯಲ್ಲಿ ಮಾತ್ರ ಬಿಡಬೇಕು. ಪರಸವರ್ಣ, ಮಹಾಪ್ರಾಣ, ಱ ೞಗಳ ಭೇದವನ್ನು ಎಂದಿಗೂ ಯಂತ್ರದಿಂದ ಅಳಿಸಬಾರದು. ಅಂಕಣದ ಅಳತೆಯನ್ನು ಬೈಟುಗಳಲ್ಲಿ ಉದಾರವಾಗಿ ಗೊತ್ತುಮಾಡಬೇಕು.

ಸ್ಥಳನಾಮಗಳ ವಿಷಯದಲ್ಲಿ ವಿಶೇಷವೊಂದುಂಟು. ಹೆಸರನ್ನೇ ಗುರುತಿನ ಕೀಲಿಯನ್ನಾಗಿ ಮಾಡಬಾರದು. ಭಾರತಸರ್ಕಾರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯಸಂಸ್ಥೆಗಳ ಪಟ್ಟಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆ ಸಂಖ್ಯೆಗಳು ಗೊತ್ತಾಗಿವೆ. ಸಂಖ್ಯೆಯು ವಸ್ತುವನ್ನು ಹಿಡಿಯಲಿ, ಹೆಸರು ಅದರ ಧರ್ಮವಾಗಿ ಇರಲಿ. ಆಗ ಗಜೇಂದ್ರಗಡವನ್ನು ಡಕಾರದಿಂದ ಬರೆದರೂ ಢಕಾರದಿಂದ ಬರೆದರೂ ಗ್ರಾಮದ ಲೆಕ್ಕವು ಊರನ್ನು ಬಿಟ್ಟು ಹೋಗದು.

ಕಡೆಯದಾಗಿ, ನಿಕ್ಷೇಪಿಸಿದುದನ್ನು ಕೂಡಲೇ ಹೊರತೆಗೆದು ಮೂಲದೊಡನೆ ಹೋಲಿಸಿ ನೋಡುವ ಪದ್ಧತಿಯು ಅವಶ್ಯವಾದುದು. ಓಲೆಗರಿಯ ಲಿಪಿಕಾರನು ಪ್ರತಿಯೆತ್ತಿದ ಮೇಲೆ ಮತ್ತೊಬ್ಬನು ಓದಿ ಒಪ್ಪುವ ವಾಡಿಕೆಯು ಇದ್ದ ಕಡೆಗಳಲ್ಲಿ ಪಾಠವು ಶುದ್ಧವಾಗಿ ಉಳಿದಿದೆ. ಲಿಪಿಕಾರನ ತಪ್ಪನ್ನು ಅರ್ಥದಿಂದಲೋ ಛಂದಸ್ಸಿನಿಂದಲೋ ಊಹಿಸಿ ತಿದ್ದಬಹುದು. ಯಂತ್ರದ ಪ್ರಶ್ನಚಿಹ್ನೆಗೆ ಅರ್ಥವೂ ಇಲ್ಲ, ಛಂದಸ್ಸೂ ಇಲ್ಲ. ಆದುದರಿಂದ ಓಲೆಗರಿಗಿಂತಲೂ ಹೆಚ್ಚಿನ ಎಚ್ಚರವು ಇಲ್ಲಿ ಬೇಕು. ಕನ್ನಡದ ವಿದ್ವಾಂಸರೂ ಯಂತ್ರಶಾಸ್ತ್ರಜ್ಞರೂ ಈ ಕಾರ್ಯದಲ್ಲಿ ಕೂಡಿ ನಿಂತರೆ ಮಾತ್ರ, ಕೋಶದಲ್ಲಿಟ್ಟ ರೋಣವು ಕೇಳಿದಾಗ ರೋಣವಾಗಿಯೇ ಹೊರಬರುವುದು.